ಮೆಹ್ಲಿ ಮೆಹ್ತಾ: ಮುಂಬೈಯಲ್ಲಿ ವಾದ್ಯಗೋಷ್ಠಿ ಕಟ್ಟಿದ ಪಿಟೀಲುಗಾರ, ಅಮೆರಿಕದಲ್ಲಿ ಯುವ ವಾದಕರ ಗುರು

ಮುಂಬೈ ಕನ್ನಡಿಗರಿಗೆ ಪಿಟೀಲು ಎಂದರೆ ಮಾಟುಂಗದ ನೆನಪು. 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್ ಇರುವುದು ಇಲ್ಲೇ. ಕರ್ನಾಟಕ ಸಂಗೀತದ ದೊಡ್ಡ ಕಛೇರಿಗಳಿಗೆ ಹೆಸರಾದ ಷಣ್ಮುಖಾನಂದ ಸಭಾಂಗಣವೂ ಸಮೀಪದಲ್ಲೇ ಇದೆ. ಅಂಥ ಕಛೇರಿಗಳಲ್ಲಿ ಪಿಟೀಲು ಹೆಚ್ಚಾಗಿ ಪಕ್ಕವಾದ್ಯ. ಹಾಡುಗಾರರು ಮುಂದೆ, ಪಿಟೀಲು ಅವರ ಬೆನ್ನಿಗೆ.

ಇದೇ ನಗರದ ದಕ್ಷಿಣ ತುದಿಯಲ್ಲಿ ಇದೇ ವಾದ್ಯ ಬೇರೊಂದು ಬಗೆಯ ಸಂಗೀತಕ್ಕೂ ಬಳಕೆಯಾಗುತ್ತಿತ್ತು. ಅಲ್ಲಿ ಹಾಡುಗಾರರೇ ಇರಲಿಲ್ಲ. ಆ ಸಂಗೀತವನ್ನು ಮುಂಬೈಯಲ್ಲಿ ಬೆಳೆಸಲು ಶ್ರಮಿಸಿದವರು ಪಾರ್ಸಿ ಪಿಟೀಲುಗಾರ ಮೆಹ್ಲಿ ಮೆಹ್ತಾ. ಇಂದು ಹೆಚ್ಚಿನವರಿಗೆ ಅವರು ಖ್ಯಾತ ಸಂಗೀತ ನಿರ್ವಾಹಕ ಜುಬಿನ್ ಮೆಹ್ತಾ ಅವರ ತಂದೆಯಾಗಿ ಮಾತ್ರ ಗೊತ್ತು. ಆದರೆ ಜುಬಿನ್ ಅವರ ಮೊದಲ ಸಂಗೀತ ಶಾಲೆ ಎಂದರೆ ಈ ತಂದೆಯ ಮನೆಯೇ.

ಏನಿದು ಚೇಂಬರ್ ಮ್ಯೂಸಿಕ್?

ಹೆಸರೇ ಹೇಳುವಂತೆ ಇದು ಕೋಣೆಯಲ್ಲಿ ನುಡಿಸುವ ಸಂಗೀತ. ದೊಡ್ಡ ಆರ್ಕೆಸ್ಟ್ರಾದಲ್ಲಿ 80-100 ಮಂದಿ ಇರುತ್ತಾರೆ, ಎದುರಿಗೆ ಕೋಲು ಹಿಡಿದ ನಿರ್ವಾಹಕ. ಇಲ್ಲಿ ಇರುವುದು ಕೆಲವೇ ಮಂದಿ. ಇದರಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಸ್ಟ್ರಿಂಗ್ ಕ್ವಾರ್ಟೆಟ್: ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ, ಮೊಣಕಾಲುಗಳ ನಡುವೆ ಇಟ್ಟು ನುಡಿಸುವ ಚೆಲ್ಲೊ. ಒಟ್ಟು ನಾಲ್ಕೇ ಜನ.

ನಿರ್ವಾಹಕ ಇಲ್ಲದ ಮೇಲೆ ಯಾವಾಗ ಶುರು ಮಾಡಬೇಕು, ಎಲ್ಲಿ ನಿಧಾನಿಸಬೇಕು ಎಂದು ಹೇಳುವವರು ಯಾರು? ಯಾರೂ ಇಲ್ಲ. ಒಬ್ಬರ ಕಣ್ಸನ್ನೆ, ಉಸಿರು, ಕಮಾನಿನ ಚಲನೆ ನೋಡಿ ಉಳಿದವರು ಹೊಂದಿಕೊಳ್ಳಬೇಕು. ಒಂದೊಂದು ಸ್ವರಸಾಲನ್ನೂ ಒಬ್ಬರೇ ನುಡಿಸುವುದರಿಂದ ತಪ್ಪಾದರೆ ಮರೆಗೆ ಇನ್ನೊಬ್ಬರಿರುವುದಿಲ್ಲ. ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ಕಲಿಸುವುದು ಇದೇ ಕಾರಣಕ್ಕೆ.

ಶಾಲೆ ಇಲ್ಲದ ಊರಿನಲ್ಲಿ

1908ರ ಸೆಪ್ಟೆಂಬರ್ 25ರಂದು ಮುಂಬೈಯಲ್ಲಿ ಹುಟ್ಟಿದ ಮೆಹ್ಲಿ, ಬಹುಪಾಲು ಸ್ವಂತ ಪ್ರಯತ್ನದಿಂದಲೇ ಪಿಟೀಲು ಕಲಿತವರು. 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ, 1940ರಲ್ಲಿ ಬಾಂಬೆ ಸ್ಟ್ರಿಂಗ್ ಕ್ವಾರ್ಟೆಟ್ ಕಟ್ಟಿದರು. ಕ್ವಾರ್ಟೆಟ್‌ನ ತಾಲೀಮು ಮನೆಯಲ್ಲೇ ನಡೆಯುತ್ತಿತ್ತು. ಪುಟ್ಟ ಜುಬಿನ್ ಕಿವಿಗೆ ಬಿದ್ದ ಸಂಗೀತ ಅದು.

ಕಟ್ಟುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು. ಪೂರ್ಣಾವಧಿ ವಾದಕರಿಗೆ ಸಂಬಳ ಕೊಡುವ ವ್ಯವಸ್ಥೆ ಆಗಿನ ಮುಂಬೈಯಲ್ಲಿ ಇರಲಿಲ್ಲ. ಹವ್ಯಾಸಿಗಳು, ಗೋವಾ ಮೂಲದ ವಾದಕರು, ನೌಕಾಪಡೆಯ ಬ್ಯಾಂಡಿನವರು ಸೇರಿದರೆ ಆರ್ಕೆಸ್ಟ್ರಾ ಆಗುತ್ತಿತ್ತು.

ತಮ್ಮ ಕಲಿಕೆ ಸಾಲದು ಎಂದುಕೊಂಡ ಮೆಹ್ಲಿ, 1945ರಲ್ಲಿ ಹೆಂಡತಿ ಮಕ್ಕಳನ್ನು ಮುಂಬೈಯಲ್ಲೇ ಬಿಟ್ಟು ನ್ಯೂಯಾರ್ಕಿಗೆ ಹೋದರು. ಆಗ ಜುಬಿನ್‌ಗೆ 9 ವರ್ಷ. ಮೆಹ್ಲಿ ಶಿಷ್ಯರಾದದ್ದು ಇವಾನ್ ಗಲಾಮಿಯನ್ ಅವರಿಗೆ. ಮುಂದೆ ಇಟ್ಜಾಕ್ ಪರ್ಲ್‌ಮನ್‌ರಂಥವರನ್ನು ತಯಾರು ಮಾಡಿದ ಗುರು ಇವರೇ. ಕೆಲ ವರ್ಷಗಳ ನಂತರ ಮರಳಿ ಬಂದು ಮತ್ತೆ ಆರ್ಕೆಸ್ಟ್ರಾ ನಡೆಸಿದರೂ ಸಂಗೀತವನ್ನೇ ನಂಬಿ ಬದುಕುವುದು ಕಷ್ಟವಾಗಿತ್ತು. 1955ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಅವರು ಇಂಗ್ಲೆಂಡಿಗೆ ತೆರಳಿ ಮ್ಯಾಂಚೆಸ್ಟರ್‌ನ ಹ್ಯಾಲೆ ಆರ್ಕೆಸ್ಟ್ರಾ ಸೇರಿದರು.

ಎರಡನೇ ಪಿಟೀಲಿನ ಕುರ್ಚಿ

1959ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಕರ್ಟಿಸ್ ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಎರಡನೇ ಪಿಟೀಲಿನ ಜಾಗ. ತಮ್ಮೂರಿನಲ್ಲಿ ಆರ್ಕೆಸ್ಟ್ರಾವನ್ನೇ ಸ್ಥಾಪಿಸಿದ್ದ ವ್ಯಕ್ತಿಗೆ ಇದು ಹಿಂಬಡ್ತಿಯಂತೆ ಕಾಣಬಹುದು. ಹಾಗೇನಿಲ್ಲ. ಮೊದಲ ಪಿಟೀಲು ರಾಗದ ಮೇಲ್ಪದರ ಹಿಡಿದು ಸಾಗಿದರೆ, ಎರಡನೆಯದು ಒಮ್ಮೆ ಅದರ ಜತೆ, ಮತ್ತೊಮ್ಮೆ ವಯೋಲಾದ ಜತೆ ಸೇರಿ ನಡುವಿನ ನೇಯ್ಗೆ ಬಿಗಿಯಾಗಿಡಬೇಕು. ಕರ್ನಾಟಕ ಕಛೇರಿಯಲ್ಲಿ ಒಳ್ಳೆಯ ಪಕ್ಕವಾದ್ಯದವರ ಬೆಲೆ ಬಲ್ಲ ಮಾಟುಂಗದ ರಸಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐದು ವರ್ಷ ಆ ಕುರ್ಚಿಯಲ್ಲಿ ಕುಳಿತ ಮೆಹ್ಲಿ, 1964ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಅಮೆರಿಕನ್ ಯೂತ್ ಸಿಂಫನಿ ಸ್ಥಾಪಿಸಿದರು. ಶಾಲಾ ಕಾಲೇಜಿನ ಹುಡುಗ ಹುಡುಗಿಯರನ್ನು ವೃತ್ತಿಪರ ವಾದಕರಾಗಿ ತಯಾರು ಮಾಡುತ್ತಿದ್ದ ತಂಡ ಅದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲೂ ಆರ್ಕೆಸ್ಟ್ರಾ ವಿಭಾಗ ನೋಡಿಕೊಂಡರು. ಮೂರು ದಶಕಕ್ಕೂ ಹೆಚ್ಚು ಕಾಲ ತಂಡ ಮುನ್ನಡೆಸಿ, 1998ರಲ್ಲಿ ನಿವೃತ್ತರಾದಾಗ ವಯಸ್ಸು 90ರ ಹತ್ತಿರ. ಅವರ ಕೈಕೆಳಗೆ ಪಳಗಿದ ಅನೇಕರು ಅಮೆರಿಕದ ಪ್ರಮುಖ ಆರ್ಕೆಸ್ಟ್ರಾಗಳನ್ನು ಸೇರಿದರು. 2002ರ ಅಕ್ಟೋಬರ್ 19ರಂದು ಅವರು ನಿಧನರಾದರು.

ಮುಂಬೈಯಲ್ಲಿ ಈಗ?

ಅವರ ಹೆಸರಿನ ಮೆಹ್ಲಿ ಮೆಹ್ತಾ ಮ್ಯೂಸಿಕ್ ಫೌಂಡೇಶನ್ 1995ರಿಂದ ಮುಂಬೈಯಲ್ಲಿ ಕೆಲಸ ಮಾಡುತ್ತಿದ್ದು, ಮಕ್ಕಳಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿಸುತ್ತಿದೆ. 2006ರಲ್ಲಿ ನರಿಮನ್ ಪಾಯಿಂಟ್‌ನ ಎನ್‌ಸಿಪಿಎಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿತು. ಕಜಕಸ್ತಾನದ ಪಿಟೀಲುಗಾರ ಮರಾತ್ ಬಿಸೆಂಗಲೀವ್ ಅದರ ಸಂಗೀತ ನಿರ್ದೇಶಕರಾದರು. ಮೆಹ್ಲಿ ಕಾಲದಲ್ಲಿ ಇಲ್ಲದಿದ್ದ ಸಂಬಳದ ನೌಕರಿ ಈಗ ಇದೆ. ಆದರೆ ಆ ಕುರ್ಚಿಗಳಲ್ಲಿ ಕೂರಲು ವಿದೇಶದಿಂದ ಅನೇಕ ವಾದಕರನ್ನು ಕರೆಸಬೇಕಾಯಿತು. ಆರ್ಕೆಸ್ಟ್ರಾ ತನ್ನದೇ ಸಂಗೀತ ಶಾಲೆ ತೆರೆದು ಇಲ್ಲಿನ ಮಕ್ಕಳಿಗೆ ಕಲಿಸಲು ಮುಂದಾದದ್ದು ಇದೇ ಕೊರತೆ ನೀಗಿಸಲು.