ಆಧಾರವನ್ನು ಸೂಚಿಸುವ ಕ್ರಮ

ಲೇಖನವನ್ನು ಬರೆಯುವವರು ತಮ್ಮ ಮಾತಿಗೆ ಆಧಾರವನ್ನು ತೋರಿಸಬೇಕೆಂಬುದು ವಿದ್ವಾಂಸರ ಪದ್ಧತಿ. ಆದರೆ ಆಧಾರವುಂಟೆಂದು ಹೇಳಿದ ಮಾತ್ರಕ್ಕೆ ಸಾಲದು. ಓದುವವರು ತಾವಾಗಿಯೇ ಅದನ್ನು ಹುಡುಕಿ ನೋಡುವಂತೆ ಹೇಳಬೇಕು. ನಮ್ಮ ನೀಲಗುಂದದ ಹೆಸರನ್ನೇ ನಿದರ್ಶನವಾಗಿಟ್ಟುಕೊಂಡು ಇದನ್ನು ವಿವರಿಸುವೆವು.

ವಿದ್ಯಾರ್ಥಿನಿಯೊಬ್ಬಳು “ನೀಲಗುಂದದ ಶಾಸನದಲ್ಲಿ ಹೀಗಿದೆ” ಎಂದು ಬರೆದಳೆನ್ನೋಣ. ಯಾವ ನೀಲಗುಂದ? ಹರಪನಹಳ್ಳಿ ತಾಲ್ಲೂಕಿನಲ್ಲಿ ಒಂದುಂಟು, ಗದಗ ಸೀಮೆಯಲ್ಲಿ ಇನ್ನೊಂದುಂಟು. ಎರಡೂ ಊರುಗಳ ಶಾಸನಗಳು ‘ಎಪಿಗ್ರಾಫಿಯಾ ಇಂಡಿಕಾ’ ಎಂಬ ಒಂದೇ ಪತ್ರಿಕೆಯಲ್ಲಿ ಅಚ್ಚಾಗಿವೆ. ಗದಗ ಸೀಮೆಯದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ, ಕ್ರಿ. ಶ. 866ರ ಶಿಲಾಶಾಸನ, ಅದನ್ನು ಜೆ. ಎಫ್. ಫ್ಲೀಟರು 6ನೆಯ ಸಂಪುಟದಲ್ಲಿ ಪ್ರಕಟಿಸಿದರು. ನಮ್ಮ ಊರಿನವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ತಾಮ್ರಪಟಗಳು, ಅವನ್ನು ಎಲ್. ಡಿ. ಬಾರ್ನೆಟ್ಟರು 12ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇವುಗಳ ನಡುವೆ ಇನ್ನೂರು ವರ್ಷಗಳಿಗೂ ಮಿಗಿಲಾದ ಅಂತರವಿದೆ. ಸಂಪುಟವನ್ನು ಹೇಳದೆ ಬಿಟ್ಟರೆ ಒಂದು ಊರಿನ ಚರಿತ್ರೆಯು ಮತ್ತೊಂದು ಊರಿಗೆ ಸಂದುಹೋಗುವುದು.

ಜಿಲ್ಲೆಯ ಹೆಸರೊಂದನ್ನೇ ನಂಬುವಂತೆಯೂ ಇಲ್ಲ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತ್ತು; 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಅಚ್ಚಾದ ಸಂಪುಟದ ಸಂಖ್ಯೆಯಾದರೋ ಹೀಗೆ ಬದಲಾಗದು.

ಆದುದರಿಂದ ಮೊದಲು ಲೇಖಕರ ಹೆಸರು, ಬಳಿಕ ಉದ್ಧರಣ ಚಿಹ್ನೆಗಳೊಳಗೆ ಲೇಖನದ ಹೆಸರು, ಆಮೇಲೆ ಪತ್ರಿಕೆ, ಸಂಪುಟ, ವರ್ಷ, ಕೊನೆಗೆ ಪುಟ, ಹೀಗೆ ಬರೆಯಬೇಕು:

ಎಲ್. ಡಿ. ಬಾರ್ನೆಟ್, “ಆರನೆಯ ವಿಕ್ರಮಾದಿತ್ಯನ ನೀಲಗುಂದ ತಾಮ್ರಪಟಗಳು”, ಎಪಿಗ್ರಾಫಿಯಾ ಇಂಡಿಕಾ, ಸಂ. 12 (1913–14), ಪು. 142 ರಿಂದ ಮುಂದೆ.

ಕೈಬರಹದಲ್ಲಿ ಪತ್ರಿಕೆಯ ಹೆಸರಿನ ಕೆಳಗೆ ಗೆರೆಯೆಳೆಯುವುದು ವಾಡಿಕೆ. ಅಚ್ಚಿನಲ್ಲಿ ಅದು ಓರೆಯಕ್ಷರವಾಗುವುದು. ಕೆಲವು ಪತ್ರಿಕೆಗಳು ವರ್ಷವನ್ನು ಲೇಖಕರ ಹೆಸರಿನ ಬಳಿಯಲ್ಲೇ ಇಡುವುವು. ಯಾವ ಪತ್ರಿಕೆಗೆ ಬರೆಯುವೆವೋ ಅದರ ನಿಯಮವನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಸಮನಾಗಿ ಅನುಸರಿಸತಕ್ಕದ್ದು. ಈಚಿನ ಲೇಖನಗಳಿಗೆ ಡಿ. ಒ. ಐ. ಎಂಬ ಸ್ಥಿರಸಂಖ್ಯೆಯನ್ನು ಕೊಡುವುದುಂಟು. ಅದಿದ್ದರೆ ಕೊನೆಯಲ್ಲಿ ಸೇರಿಸಬೇಕು. ಮೂಲವನ್ನು ನೋಡದೆ ಬೇರೊಂದು ಪುಸ್ತಕದಿಂದ ವಿಷಯವನ್ನು ತೆಗೆದುಕೊಂಡಿದ್ದರೆ ಆ ಪುಸ್ತಕವನ್ನೇ ಹೆಸರಿಸುವುದು ಪ್ರಾಮಾಣಿಕತೆ.

ಸವೆದ ಅಕ್ಷರಗಳನ್ನು ಕಣ್ಣು ನೋಯುವಂತೆ ಓದಿ ತಿಳಿಸಿದವರ ಋಣವು ನಮ್ಮ ಮೇಲಿದೆ. ಅವರ ಹೆಸರನ್ನು ತಪ್ಪಿಲ್ಲದೆ ಬರೆಯುವುದು ಆ ಋಣಕ್ಕೆ ಸಲ್ಲಿಸುವ ಮೊದಲನೆಯ ಕಾಣಿಕೆಯು.