ಮೃತರ ಅಸಮ್ಮತಿಯನ್ನು ಸೂಚಿಸುವ ನುಡಿಗಟ್ಟುಗಳು

ಒಬ್ಬನು ಬಾಳಿನಲ್ಲಿ ಎತ್ತಿಹಿಡಿದ ತತ್ತ್ವಕ್ಕೆ ಅವನ ಮರಣಾನಂತರ ಭಂಗ ಬಂದರೆ, ಅವನು ಗೋರಿಯಲ್ಲಿ ಹೊರಳುವನೆಂದು ಹೇಳುವುದು ಇಂಗ್ಲಿಷಿನ ವಾಡಿಕೆ. ಫ್ರೆಂಚ್, ಜರ್ಮನ್ ಭಾಷೆಗಳಲ್ಲಿಯೂ ಇದೇ ಬಗೆಯ ನುಡಿಯುಂಟು. ಇಂಗ್ಲಿಷಿನ ಹಳೆಯ ಪ್ರಯೋಗಗಳಲ್ಲೊಂದು, ಫ್ರಾನ್ಸಿನೊಡನೆ ಸಂಧಿಯ ಷರತ್ತುಗಳನ್ನು ವಿರೋಧಿಸಿ ವಿಲಿಯಂ ವಿಂಡ್‌ಹಾಮನು 1801ರಲ್ಲಿ ಕಾಮನ್ಸ್ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ದೊರೆಯುವುದು. ಈಗ ಕನ್ನಡ ಬರೆಹದಲ್ಲಿಯೂ ‘ಗೋರಿಯಲ್ಲಿ ಹೊರಳಾಡು’, ‘ಸಮಾಧಿಯಲ್ಲಿ ಮಗ್ಗುಲು ಬದಲಿಸು’ ಎಂಬ ಮಾತುಗಳು ಕಾಣಬರುತ್ತಿವೆ. ಇವು ನಮ್ಮ ನುಡಿಗೆ ಎಷ್ಟರಮಟ್ಟಿಗೆ ಒಗ್ಗುವುವೆಂಬುದು ವಿಚಾರಾರ್ಹವಾಗಿದೆ.

ಇಂಗ್ಲಿಷ್ ನುಡಿಗಟ್ಟಿನಲ್ಲಿ ಎರಡು ಲಕ್ಷಣಗಳನ್ನು ಗಮನಿಸಬೇಕು. ಮೃತನು ತಪ್ಪುಮಾಡಿದವನಿಗೆ ಬಂಧುವಾಗಿರಬೇಕಾಗಿಲ್ಲ. ಷೇಕ್ಸ್‌ಪಿಯರನ ನಾಟಕವನ್ನು ಯಾರು ಕೆಡಿಸಿ ಆಡಿದರೂ ಹೊರಳುವವನು ಷೇಕ್ಸ್‌ಪಿಯರನೇ. ಎರಡನೆಯದಾಗಿ, ಈ ಹೊರಳಾಟದಿಂದ ಯಾರಿಗೂ ಯಾವ ಫಲವೂ ಒದಗುವುದಿಲ್ಲ. ಮೃತನು ಶಪಿಸಲಾರನು, ಎದ್ದು ಬರಲಾರನು. ಆದುದರಿಂದಲೇ ಈ ಮಾತು ಹಲವು ವೇಳೆ ಪರಿಹಾಸಕ್ಕೂ ಸಲ್ಲುವುದು.

ನಮ್ಮಲ್ಲಿ ಮೃತರ ಅಸಮ್ಮತಿಯ ಮಾತು ಪಿತೃಭಾವನೆಯಿಂದ ಹುಟ್ಟಿದುದು. ಮಹಾಭಾರತದ ಆದಿಪರ್ವದಲ್ಲಿ ಜರತ್ಕಾರುವು, ಹುಲ್ಲಿನ ಬುಡವೊಂದನ್ನೇ ಆಶ್ರಯಿಸಿ ಹಳ್ಳದಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ತನ್ನ ಪಿತೃಗಳನ್ನು ಕಾಣುವನು. ಆ ಬೇರನ್ನು ಇಲಿಯು ಕಡಿಯುತ್ತಿರುವುದು. ಅವನು ಸಂತಾನವಿಲ್ಲದಿರುವುದೇ ಅವರ ದುರವಸ್ಥೆಗೆ ಕಾರಣ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು, ತನ್ನ ಪಿತೃಗಳು ಕಣ್ಣೀರನ್ನು ತೊಳೆದು ಉಳಿದ ತರ್ಪಣೋದಕವನ್ನು ಕುಡಿಯುವರೆಂದು ಮರುಗುವನು. ಭೂದಾನವನ್ನು ಅಪಹರಿಸಿದವನು ತನ್ನ ಪಿತೃಗಳೊಡನೆ ಬೇಯುವನೆಂದು ಕೆಲವು ತಾಮ್ರಶಾಸನಗಳ ಶಾಪಶ್ಲೋಕ ಸಾರುವುದು. ಕುಲದಲ್ಲಿ ಭೂದಾನಿಯು ಹುಟ್ಟಿದನೆಂದು ಪಿತೃಗಳು ಹರ್ಷದಿಂದ ಕುಣಿಯುವರೆಂಬ ಶ್ಲೋಕವೂ ಶಾಸನಗಳಲ್ಲಿಯೇ ಉಂಟು. ಇಲ್ಲಿ ಮೃತರು ಕೇವಲ ಮೆಚ್ಚದವರಲ್ಲ, ವಂಶಜನ ನಡತೆಯ ಫಲವನ್ನು ಉಣ್ಣುವವರು. ‘ಪಿತೃಗಳು ನರಕಕ್ಕೆ ಬಿದ್ದಾರು’, ‘ಹೆತ್ತವರ ಆತ್ಮ ನೊಂದೀತು’ ಎಂಬ ಆಡುಮಾತುಗಳ ತೂಕವು ಈ ಸಂಬಂಧದಲ್ಲಿಯೇ ಇದೆ.

ಈ ಭೇದಕ್ಕೆ ದಹನ, ದಫನಗಳ ವ್ಯತ್ಯಾಸವೊಂದೇ ಕಾರಣವೆನ್ನಲಾಗದು. ಕನ್ನಡ ನಾಡಿನಲ್ಲಿ ವೀರಶೈವರೂ ಮುಸಲ್ಮಾನರೂ ಕ್ರೈಸ್ತರೂ ಇನ್ನೂ ಅನೇಕ ಸಮುದಾಯಗಳವರೂ ಹೂಳುವರು. ಆದರೆ ವೀರಶೈವ ಪದ್ಧತಿಯಲ್ಲಿ ಶರೀರವನ್ನು ಕುಳಿತ ಭಂಗಿಯಲ್ಲಿ ಇರಿಸುವರಾಗಿ, ಮಲಗಿದವನು ಹೊರಳುವ ಚಿತ್ರ ಅಲ್ಲಿಗೆ ಹೊಂದದು. ಪದದ ತೊಡಕು ಇದಕ್ಕಿಂತ ಹೆಚ್ಚಿನದು. ‘ಸಮಾಧಿ’ ಎಂದರೆ ಮೊದಲು ಚಿತ್ತದ ನಿಶ್ಚಲತೆ. ಸಾಧಕರ ವಿಶ್ರಾಂತಿಸ್ಥಾನಕ್ಕೆ ಆ ಹೆಸರು ಬಂದುದು ಬಳಿಕ. ನಿಶ್ಚಲತೆಯಲ್ಲಿ ಹೊರಳಾಟವೆಂಬುದು ತನ್ನನ್ನು ತಾನೇ ಖಂಡಿಸುವ ಮಾತು. ಪಾರಸಿ ಮೂಲದ ‘ಗೋರಿ’ಗೆ ಈ ದೋಷವಿಲ್ಲ, ಬಳಸಲೇಬೇಕಾದರೆ ಅದೇ ಮೇಲು.

ಆದುದರಿಂದ ಭಾಷಾಂತರಕಾರನು ಮೊದಲು ಮೃತನಿಗೂ ಕರ್ತೃವಿಗೂ ಇರುವ ಸಂಬಂಧವನ್ನು ನೋಡಬೇಕು. ವಂಶದ ಮಾತಾದರೆ ಪಿತೃಗಳ ನುಡಿ ಸಲ್ಲುವುದು. ಕವಿ, ರಾಜನೀತಿಜ್ಞ ಮೊದಲಾದವರ ವಿಷಯದಲ್ಲಿ ‘ಅವರು ಇದ್ದು ಕಂಡಿದ್ದರೆ ಮರುಗುತ್ತಿದ್ದರು’ ಎಂದರೆ ಸಾಕು. ಇಲ್ಲಿ ಪಿತೃಗಳನ್ನು ಎಳೆತಂದರೆ ಮೂಲದಲ್ಲಿಲ್ಲದ ಪಾಪಭಯವು ಬೆರೆಯುವುದು.

ಉಪಾಧ್ಯಾಯರು ವಿದ್ಯಾರ್ಥಿಗಳ ಗಮನಕ್ಕೆ ತರಬೇಕಾದ ಇನ್ನೊಂದು ಅಂಶವುಂಟು. ಈ ನುಡಿಗಳಲ್ಲೆಲ್ಲ ಮಾತನಾಡುವವರು ಬದುಕಿರುವವರೇ. ವಿಂಡ್‌ಹಾಮನು ತನ್ನ ವಿರೋಧಕ್ಕೆ ಹಿಂದಿನವರ ಸಾಕ್ಷ್ಯವನ್ನು ತಂದನು. ಅವರನ್ನು ಕೇಳಿ ತಿಳಿಯುವ ದಾರಿ ಎದುರಾಳಿಗಳಿಗೆ ಇರಲಿಲ್ಲ. ಮೃತರ ಹೆಸರಿನಲ್ಲಿ ಬಂದ ಅಸಮ್ಮತಿಯು ನಿಜವಾಗಿ ಯಾರದೆಂದು ವಿಚಾರಿಸಿದಲ್ಲದೆ ಅಂತಹ ವಾಕ್ಯದ ಅರ್ಥವು ಪೂರ್ಣವಾಗದು.