ಅರ್ಜಿಯಲ್ಲಿ ಬರೆದ ಸಂಬಂಧ ಬದುಕಿನಲ್ಲಿ ಬದಲಾದಾಗ

ವಿದೇಶಕ್ಕೆ ಹೊರಟ ಮಗನನ್ನು ಒಂಟಿಯಾಗಿ ಕಳುಹಿಸುವುದು ಬೇಡ, ವಿಮಾನ ಏರುವ ಮುನ್ನ ಮದುವೆ ಮುಗಿಸಿಬಿಡೋಣ ಎಂಬ ಅವಸರ ನಮ್ಮ ಹಿರಿಯರಿಗೆ ಸಹಜವಾದುದು. ಜಾತಕ ಕೂಡಿಬರುತ್ತದೆ, ಮುಹೂರ್ತ ದೊರೆಯುತ್ತದೆ, ಹದಿನೈದೇ ದಿನಗಳಲ್ಲಿ ಮದುವೆ ನಡೆದುಹೋಗುತ್ತದೆ. ಮದುಮಗಳು ಆರು ತಿಂಗಳ ಬಳಿಕ ಹೋಗಿ ಸೇರಿಕೊಳ್ಳುವಳೆಂದು ಎರಡೂ ಮನೆಯವರು ನಂಬಿರುತ್ತಾರೆ. ಆದರೆ ಮದುಮಗನು ಹೊರಟಿರುವುದು ಕೆನಡಾ ದೇಶದ ಖಾಯಂ ವಾಸದ ವೀಸಾ ಪಡೆದಾಗಿದ್ದರೆ, ಅರ್ಜಿಯಲ್ಲಿ 'ಅವಿವಾಹಿತ' ಎಂದು ಬರೆದಿದ್ದರೆ, ಈ ಮದುವೆಯ ವಿಷಯವನ್ನು ಅಲ್ಲಿನ ವಲಸೆ ಇಲಾಖೆಗೆ ತಿಳಿಸದೆ ಆ ನೆಲದಲ್ಲಿ ಇಳಿದರೆ, ಮುಂದೆ ಅದೇ ಹೆಂಡತಿಯನ್ನು ಪ್ರಾಯೋಜಕನಾಗಿ ಕರೆಸಿಕೊಳ್ಳುವ ಹಕ್ಕನ್ನು ಅವನು ಕಳೆದುಕೊಳ್ಳುತ್ತಾನೆ.

ಇದು ಕಠೋರವೆನಿಸಬಹುದು, ಆದರೆ ನಿಯಮವೇ ಹಾಗಿದೆ. ಕೆನಡಾದ ವಲಸೆ ಕಾಯಿದೆಯ ಪ್ರಕಾರ ರಚಿತವಾದ ನಿಯಮಾವಳಿಯ 117ನೆಯ ನಿಯಮವು, ಪ್ರಾಯೋಜಕನು ತಾನು ಖಾಯಂ ನಿವಾಸಿಯಾದಾಗ ಹೆಸರು ಹೇಳದೆ ಬಿಟ್ಟ, ಆ ಕಾರಣದಿಂದ ಇಲಾಖೆಯ ಪರಿಶೀಲನೆಗೆ ಒಳಪಡದೆ ಉಳಿದ ಪತಿ, ಪತ್ನಿ ಅಥವಾ ಮಗುವನ್ನು ಕುಟುಂಬ ವರ್ಗದಿಂದ ಹೊರಗಿಡುತ್ತದೆ. 1993ರಲ್ಲಿ ಫಿಲಿಪ್ಪೀನ್ಸಿನ ತಾಯಿಯೊಬ್ಬಳು ಮಗಳೊಡನೆ ಕೆನಡಾದಲ್ಲಿ ಇಳಿದಾಗ, ತನಗೆ ಬೇರೆ ಮಕ್ಕಳಿಲ್ಲವೆಂದು ಹೇಳಿದ್ದಳು. ಊರಿನಲ್ಲಿ ತಂದೆಯ ಬಳಿ ಉಳಿದಿದ್ದ ಇಬ್ಬರು ಗಂಡುಮಕ್ಕಳನ್ನು ಮುಂದೆ ಕರೆಸಿಕೊಳ್ಳಲು ಹೊರಟಾಗ ಇದೇ ನಿಯಮ ಅಡ್ಡಬಂತು. ಆಕೆಯ ಮೇಲ್ಮನವಿಯನ್ನು ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ತಳ್ಳಿಹಾಕಿ, ನಿಯಮವು ಊರ್ಜಿತವೆಂದು ತೀರ್ಪಿತ್ತಿತು. ಮಾನವೀಯ ಕಾರಣಗಳ ಮೇಲೆ ವಿನಾಯಿತಿ ಕೋರುವ ದಾರಿ ಇದೆ. ಮರೆಮಾಚಿದ ಸದಸ್ಯರ ಕೆಲವು ಪ್ರಕರಣಗಳಿಗಾಗಿ 2019ರಲ್ಲಿ ಸರಕಾರವೇ ವಿಶೇಷ ರಿಯಾಯಿತಿಯೊಂದನ್ನು ತಂದದ್ದೂ ಉಂಟು. ಆದರೆ ವಿನಾಯಿತಿ ಬೇಡಿ ಪಡೆಯುವಂಥದ್ದು. ಅದನ್ನು ಹಕ್ಕೆಂದು ಭಾವಿಸಿ ಮದುವೆಯ ದಿನ ನಿಶ್ಚಯಿಸುವಂತಿಲ್ಲ.

ಇಂತಹ ಸಂದರ್ಭದಲ್ಲಿ ನೇರವಾದ ಹಾದಿಗಳು ಎರಡಿವೆ. ಮದುವೆ ಮೊದಲೇ ನಡೆದಿದ್ದರೆ ಪ್ರಯಾಣವನ್ನು ತಡೆಹಿಡಿದು, ವೀಸಾ ಕಚೇರಿಗೆ ವಿಷಯ ತಿಳಿಸಿ, ಪತ್ನಿಯ ಹೆಸರನ್ನು ಸೇರಿಸಿ, ಆಕೆಯ ವೈದ್ಯಕೀಯ ತಪಾಸಣೆ ಮುಗಿದ ಮೇಲೆ ಹೊರಡುವುದು ಒಂದು. ಆಕೆ ಸದ್ಯಕ್ಕೆ ಜೊತೆಗೆ ಹೋಗುವುದಿಲ್ಲವಾದರೂ ಹೆಸರು ಮತ್ತು ತಪಾಸಣೆ ತಪ್ಪುವುದಿಲ್ಲ. ಮೊದಲು ಹೋಗಿ ಖಾಯಂ ನಿವಾಸಿಯಾಗಿ, ಆಮೇಲೆ ಊರಿಗೆ ಬಂದು ಮದುವೆಯಾಗಿ, ಪತ್ನಿಗಾಗಿ ಪ್ರಾಯೋಜಕ ಅರ್ಜಿ ಸಲ್ಲಿಸುವುದು ಇನ್ನೊಂದು. ಎರಡರಲ್ಲೂ ಕೆಲವು ತಿಂಗಳ ಕಾಯುವಿಕೆ ಇದೆ. ಆದರೆ ಆ ಕಾಯುವಿಕೆಗೆ ಕೊನೆಯಿದೆ.

ಪ್ರಾಯೋಜಕ ಅರ್ಜಿ ನಡೆಯುತ್ತಿರುವಾಗ

ಪತಿಯೋ ಪತ್ನಿಯೋ ಪ್ರಾಯೋಜಕರಾಗಿ ಸಲ್ಲಿಸಿದ ಅರ್ಜಿ ಇಲಾಖೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅಷ್ಟು ಕಾಲ ಮನುಷ್ಯರ ಬದುಕು ನಿಂತಲ್ಲೇ ನಿಲ್ಲುವುದಿಲ್ಲ. ಆದುದರಿಂದ ಅರ್ಜಿಯಲ್ಲಿ ತುಂಬಿದ ಸಂಬಂಧದ ವಿವರವನ್ನು ಒಮ್ಮೆ ಬರೆದು ಮರೆಯುವ ಮಾತೆಂದು ತಿಳಿಯಬಾರದು. ಖಾಯಂ ವಾಸದ ಮುದ್ರೆ ಬೀಳುವ ತನಕ ಅದು ನಿಜವಾಗಿ ಉಳಿದಿರಬೇಕು. ನಿಜ ಬದಲಾದರೆ ಬರಹವೂ ಬದಲಾಗಬೇಕು. ಕೆನಡಾದಲ್ಲಿ ಇಳಿಯುವಾಗಲೂ, ವೀಸಾ ದೊರೆತ ಮೇಲೆ ತನ್ನ ವೈವಾಹಿಕ ಸ್ಥಿತಿ ಬದಲಾಗಿದ್ದರೆ ಅದನ್ನು ಅಧಿಕಾರಿಗೆ ತಿಳಿಸುವುದು ಪ್ರಯಾಣಿಕನ ಕರ್ತವ್ಯವೆಂದು ನಿಯಮ ಹೇಳುತ್ತದೆ.

ಅಲ್ಲಿನ ಕಾನೂನು ಒಪ್ಪುವ ಸಂಬಂಧಗಳು ನಮ್ಮ ಮನೆಮಾತಿಗಿಂತ ಸ್ವಲ್ಪ ಬೇರೆ. ವಿಧಿವತ್ತಾಗಿ ಮದುವೆಯಾದವರು ದಂಪತಿಗಳು. ಮದುವೆಯಾಗದೆಯೂ ಒಂದು ವರ್ಷ ಎಡೆಬಿಡದೆ ಒಂದೇ ಮನೆಯಲ್ಲಿ ಬಾಳಿದವರನ್ನು 'ಕಾಮನ್ ಲಾ' ಸಂಗಾತಿಗಳೆಂದು ಗಣಿಸುತ್ತಾರೆ. ನಿಶ್ಚಿತಾರ್ಥಕ್ಕೆ ಮಾತ್ರ ಅಲ್ಲಿ ಬೆಲೆಯಿಲ್ಲ. ನಿಶ್ಚಿತ ವಧೂವರರಿಗಿದ್ದ ಪ್ರತ್ಯೇಕ ವರ್ಗವು 2002ರ ಕಾಯಿದೆಯೊಂದಿಗೆ ರದ್ದಾಗಿದೆ. ಉಂಗುರ ತೊಡಿಸಿದ ಮಾತ್ರಕ್ಕೆ 'ವಿವಾಹಿತ' ಎಂದು ಬರೆಯುವಂತಿಲ್ಲ. 2015ರ ಬಳಿಕ, ಸಾಮಾನ್ಯವಾಗಿ ವಧೂವರರಿಬ್ಬರೂ ಎದುರಿಗಿಲ್ಲದೆ ದೂರವಾಣಿಯಲ್ಲಿ ಅಥವಾ ಪ್ರತಿನಿಧಿಯ ಮೂಲಕ ನಡೆದ ಮದುವೆಯೂ ಪ್ರಾಯೋಜಕತ್ವಕ್ಕೆ ಸಲ್ಲುವುದಿಲ್ಲ.

ಸಂಗಾತಿಗಳೆಂದು ಅರ್ಜಿ ಹಾಕಿದವರು ನಡುವೆ ಮದುವೆಯಾದರೆ ಅದು ಶುಭವಾರ್ತೆಯೇ. ಆದರೂ ತಿಳಿಸಲೇಬೇಕಾದ ವಾರ್ತೆ. ಇಲಾಖೆಯ ಜಾಲತಾಣದಲ್ಲಿರುವ ನಮೂನೆಯ ಮೂಲಕ ಅರ್ಜಿಯ ಸಂಖ್ಯೆ, ಹೆಸರು, ಜನ್ಮದಿನಾಂಕ ನಮೂದಿಸಿ, ಮದುವೆಯ ದಿನಾಂಕ ಬರೆದು, ವಿವಾಹ ಪ್ರಮಾಣಪತ್ರವನ್ನು ಲಗತ್ತಿಸಬೇಕು. ತಿದ್ದಿದ ನಮೂನೆಗಳನ್ನು ಕೇಳಿದರೆ ಒದಗಿಸಬೇಕು. ಮಗು ಹುಟ್ಟಿದರೂ ಇದೇ ಕ್ರಮ. ಮಗು ಅಜ್ಜಿಯ ಬಳಿಯಲ್ಲೇ ಬೆಳೆಯುವುದೆಂದು ನಿಶ್ಚಯಿಸಿದ್ದರೂ ಅದರ ಹೆಸರನ್ನು ಬಿಡಬಾರದು.

ಬೇರೆಯಾದಾಗ

ಹೇಳಲು ನಾಲಗೆ ಬಾರದ ಬದಲಾವಣೆಯೆಂದರೆ ದಂಪತಿಗಳು ಬೇರೆಯಾಗುವುದು. ವಿಚ್ಛೇದನದ ತೀರ್ಪು ಬಂದಿಲ್ಲವಲ್ಲ, ಕಾಗದದ ಮೇಲೆ ಇನ್ನೂ ಗಂಡಹೆಂಡಿರೇ ತಾನೆ ಎಂದು ಸುಮ್ಮನಿರುವವರಿದ್ದಾರೆ. ಆದರೆ ಇಲಾಖೆ ಕೇಳುವುದು ತೀರ್ಪನ್ನಷ್ಟೇ ಅಲ್ಲ, ಸಂಬಂಧವು ನಿಜವಾಗಿ ಬಾಳುತ್ತಿದೆಯೇ ಎಂಬುದನ್ನು. ಕೆನಡಾದ ಒಳಗಿನಿಂದಲೇ ಸಲ್ಲಿಸುವ ವರ್ಗದಲ್ಲಂತೂ ಇಬ್ಬರೂ ಒಟ್ಟಿಗೆ ವಾಸವಾಗಿರುವುದೇ ಅರ್ಹತೆ. ಬೇರೆಯಾದುದನ್ನು ಮುಚ್ಚಿಟ್ಟು ಪಡೆದ ಖಾಯಂ ವಾಸವನ್ನು ಸುಳ್ಳು ಮಾಹಿತಿಯ ಕಾರಣದಿಂದ ಕಳೆದುಕೊಳ್ಳುವ ಅಪಾಯ ವರ್ಷಗಳ ನಂತರವೂ ಇರುತ್ತದೆ. ಅಂಥವರಿಗೆ ಐದು ವರ್ಷಗಳ ಕಾಲ ಆ ದೇಶದ ಪ್ರವೇಶವೂ ನಿಷಿದ್ಧವಾಗುತ್ತದೆ.

ಹಾಗೆಂದು ಹೊಡೆತ ಬಡಿತಗಳನ್ನು ಸಹಿಸಿಕೊಂಡು ಅರ್ಜಿಗಾಗಿ ಸಂಸಾರ ನಡೆಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನಮ್ಮ ಹೆಣ್ಣುಮಕ್ಕಳ ತಂದೆತಾಯಿಯರು ಇದನ್ನು ಚೆನ್ನಾಗಿ ಅರಿತಿರಬೇಕು. 2012ರಿಂದ ಕೆಲಕಾಲ, ಹೊಸದಾಗಿ ಕೂಡಿದ, ಮಕ್ಕಳಿಲ್ಲದ ದಂಪತಿಗಳಿಗೆ ಎರಡು ವರ್ಷ ಒಟ್ಟಿಗೆ ಬಾಳಬೇಕೆಂಬ ಷರತ್ತಿನ ಮೇಲೆ ಖಾಯಂ ವಾಸವನ್ನು ಕೊಡುತ್ತಿದ್ದರು. ಹಿಂಸೆಗೊಳಗಾದವರು ಆ ಷರತ್ತಿಗೆ ಹೆದರಿ ಮನೆಬಿಡಲಾರದೆ ಉಳಿಯುವರೆಂಬ ಟೀಕೆ ಬಲವಾಯಿತು. 2017ರಲ್ಲಿ ಅದು ರದ್ದಾಯಿತು. ಇಂದು ಖಾಯಂ ವಾಸ ದೊರೆತ ಮೇಲೆ ದಾಂಪತ್ಯ ಮುರಿದರೆ, ಆ ಒಂದೇ ಕಾರಣಕ್ಕೆ ಅದು ಹೋಗುವುದಿಲ್ಲ. ಅರ್ಜಿ ಇತ್ಯರ್ಥವಾಗುವ ಮೊದಲೇ ಹಿಂಸೆಯಿಂದ ಹೊರಬಂದ ಸಂಗಾತಿಗೆ ತಾತ್ಕಾಲಿಕ ವಾಸದ ವಿಶೇಷ ಪರವಾನಗಿಯನ್ನು ಕೋರುವ ಅವಕಾಶವು 2019ರಿಂದ ಇದೆ. ನಿಜ ಹೇಳಿದರೆ ಎಲ್ಲವೂ ಮುಗಿಯಿತೆಂಬ ಗಂಡನ ಬೆದರಿಕೆಯನ್ನು ನಂಬಿ ಕೂರುವುದಕ್ಕಿಂತ, ಅಲ್ಲಿನ ಪರವಾನಗಿ ಪಡೆದ ವಲಸೆ ಸಲಹೆಗಾರರನ್ನೋ ವಕೀಲರನ್ನೋ ಕಾಣುವುದು ಮೇಲು.

ಪ್ರಾಯೋಜಕನಿಗೂ ಹೊಣೆಯಿದೆ. ಸಂಗಾತಿ ಖಾಯಂ ನಿವಾಸಿಯಾಗುವ ಮುನ್ನ ಅವನು ಅರ್ಜಿಯನ್ನು ಹಿಂದೆಗೆದುಕೊಳ್ಳಬಹುದು. ಆ ಬಳಿಕ ಮೂರು ವರ್ಷ ಆಕೆಯ ಅಶನವಸನಗಳ ಖರ್ಚಿನ ಹೊಣೆಗೆ ಅವನು ಸರಕಾರಕ್ಕೆ ಕೊಟ್ಟ ಮುಚ್ಚಳಿಕೆ ವಿಚ್ಛೇದನವಾದರೂ ಅಳಿಯುವುದಿಲ್ಲ. ಆಕೆ ಸರಕಾರದ ನೆರವು ಪಡೆದರೆ ಆ ಹಣವನ್ನು ಅವನೇ ತೆರಬೇಕಾಗುತ್ತದೆ.

ಊರಿನಲ್ಲಿ ಮಾಡಬೇಕಾದ ಕೆಲಸ

ನಮ್ಮ ಕಡೆಯಿಂದ ಸಿದ್ಧವಾಗಬೇಕಾದುದು ದಾಖಲೆ. ಕೇರಳದ 2008ರ ವಿವಾಹ ನೋಂದಣಿ ನಿಯಮಗಳಂತೆ ಯಾವ ಮತದವರ ಮದುವೆಯಾದರೂ 45 ದಿನಗಳೊಳಗೆ ಪಂಚಾಯತಿನಲ್ಲೋ ನಗರಸಭೆಯಲ್ಲೋ ದಾಖಲಾಗಬೇಕು. ಮನೆಯ ಗಡಿಬಿಡಿಯಲ್ಲಿ ಇದನ್ನು ಮುಂದೂಡಿದರೆ ಮುಂದೆ ಅರ್ಜಿಯೂ ಕಾಯುತ್ತದೆ. ಸಂಬಂಧದ ಸಾಕ್ಷಿಯೆಂದು ನಾವು ಕಳುಹಿಸುವ ಮದುವೆಯ ಕರೆಯೋಲೆ ಕನ್ನಡದಲ್ಲಿರುತ್ತದೆ, ಬೇರೆ ಕೆಲವು ಕಾಗದಗಳು ಮಲಯಾಳದಲ್ಲಿರುತ್ತವೆ. ಇಂಗ್ಲಿಷ್ ಅಥವಾ ಫ್ರೆಂಚ್ ಅಲ್ಲದ ಯಾವ ದಾಖಲೆಗೂ ಅನುವಾದ ಬೇಕು. ಇಂಗ್ಲಿಷ್ ಬಲ್ಲ ಅಕ್ಕನೋ ಚಿಕ್ಕಪ್ಪನೋ ಮಾಡಿಕೊಟ್ಟ ಅನುವಾದ ನಡೆಯದು; ಕುಟುಂಬದವರ ಅನುವಾದವನ್ನು ಇಲಾಖೆ ಸ್ವೀಕರಿಸುವುದಿಲ್ಲ. ಶಾಲೆಯ ದಾಖಲೆ, ಪಾಸ್‌ಪೋರ್ಟು, ವಿವಾಹ ಪ್ರಮಾಣಪತ್ರ ಮೂರರಲ್ಲೂ ಹೆಸರು ಮತ್ತು ಇನಿಶಿಯಲ್ ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿಕೊಂಡರೆ ಒಳ್ಳೆಯದು.

ಇಷ್ಟಾದ ಮೇಲೆ ಉಳಿಯುವುದು ಹಿರಿಯರ ಮಾತು. "ಅದನ್ನೆಲ್ಲ ಈಗ ಹೇಳುವುದು ಬೇಡ, ಅರ್ಜಿ ಕೆಟ್ಟೀತು" ಎಂಬ ಸಲಹೆ ಮಕ್ಕಳಿಗೆ ಬಹುಮಟ್ಟಿಗೆ ಮನೆಯಿಂದಲೇ ಬರುತ್ತದೆ, ಅದೂ ಪ್ರೀತಿಯಿಂದಲೇ. ತಿಳಿಸಿದ ಬದಲಾವಣೆಯಿಂದ ಅರ್ಜಿಗೆ ವಿಳಂಬವಾಗಬಹುದು, ಕೆಲವೊಮ್ಮೆ ಅದು ನಿಂತೂ ಹೋಗಬಹುದು. ಆದರೂ ಮತ್ತೊಮ್ಮೆ ಅರ್ಜಿ ಹಾಕುವ ದಾರಿ ಉಳಿಯುತ್ತದೆ. ಮುಚ್ಚಿಟ್ಟ ಬದಲಾವಣೆ ಬೆಳಕಿಗೆ ಬಂದಾಗ ಹೊಣೆ ಹೊರಬೇಕಾದವರು ಸಹಿ ಹಾಕಿದ ಮಕ್ಕಳು. ಆದುದರಿಂದ ಮದುವೆಯ ದಿನ ನಿಶ್ಚಯಿಸುವ ಮುನ್ನ ಪಂಚಾಂಗ ನೋಡುವಂತೆಯೇ, ಅರ್ಜಿ ಯಾವ ಹಂತದಲ್ಲಿದೆಯೆಂದು ಮಗನನ್ನೋ ಮಗಳನ್ನೋ ಕೇಳಿ ತಿಳಿದುಕೊಳ್ಳುವುದು ಇನ್ನು ನಮ್ಮ ಮನೆಗಳ ರೂಢಿಯಾಗಲಿ.